ಯಾವ ತುದಿ ಕೆಸರಿಗೆ

ಪುಣೆಯ ಹಳೇ ಕಾಲೇಜು, ಎರಡನೇ ಮಹಡಿ,
ಸಾಗುವಾನಿ ಕಪಾಟು, ಹದಿನೇಳನೇ ಡ್ರಾಯರು.
ಎಳೆದರೆ ಒಳಗೊಂದು ಹೊಳೆ ಖಣಖಣ ಅನ್ನುತ್ತದೆ.

ಹುಣಸೆಬೀಜದ ಬಣ್ಣದ್ದು, ಉದ್ದನೆಯದು.
ಬೆನ್ನೆಲ್ಲ ಸುಕ್ಕು, ಬಾಣಂತಿಗೆ ಎರೆದ ಮುದುಕಿಯ ಅಂಗೈಯಂಥದ್ದು.
ಹಸಿರು ಗೀರಿನದು. ಉಗುರಿನಷ್ಟು ತೆಳ್ಳಗಿನದು.
ಮೂಲೆಯಲ್ಲಿ ಇನ್ನೊಂದು, ಹೆಸರಿನ ಜಾಗದಲ್ಲಿ ಪ್ರಶ್ನೆಯ ಕೊಂಡಿ.
ಕೊಂಡಿ ಎಳೆದದ್ದು ಸಾಹೇಬರು, ಕೆಳಗೆ ಚುಕ್ಕಿ ಇಟ್ಟದ್ದು ನಾನು,
ಮೂವತ್ತೊಂದು ವರ್ಷದ ಕೆಳಗೆ, ಕೆಲಸದ ಮೊದಲ ವಾರ.

ಚೀಟಿ ಮಡಿವಾಳಪ್ಪ ಅನ್ನುತ್ತಾರೆ ನನಗೆ ಇಲ್ಲಿ.

ನಮ್ಮ ಆಲಮೇಲದ ಕಡೆ ಇದು ಸಿಂಪಿ.
ಇಲ್ಲಿಯವರಿಗೆ ಶಿಂಪಲಾ. ಪುಸ್ತಕಕ್ಕೆ ಚಿಪ್ಪು.
ಒಂದೇ ಮಾತು ನೀರಿಗೆ ಬಿದ್ದು
ದಂಡೆಗೊಂದು ಆಕಾರವಾದದ್ದಿರಬೇಕು.
ಇವೂ ಹಾಗೇ ಏನ್ರಿ, ಕೇಳಿದೆ.
ಸಾಹೇಬರು ನಕ್ಕರು. "ಸುಮಾರು ಹಾಗೇ.
ಕೋಟಿಗಟ್ಟಲೆ ವರ್ಷ ಮಾತ್ರ ಸೇರಿಸಿಕೋ."

ಅವ್ವ ಸಿಂಪಿಯ ಬೆನ್ನು ಹಾಸುಗಲ್ಲಿಗೆ ತಿಕ್ಕಿ
ತೂತು ಮಾಡಿ ಮಾವಿನಕಾಯಿ ಹೆರೆಯುತ್ತಿದ್ದಳು.
ತನ್ನ ಕೈಯಲ್ಲಿರುವುದರ ಹಿರಿಯರು ಕಡಲಿನವರು,
ಉಪ್ಪು ಬಿಟ್ಟು ಬಂದವರು ಅಂತ
ಅವಳಿಗೆ ಯಾರೂ ಹೇಳಿರಲಿಲ್ಲ.

ಬಂದ ಮೇಲೆ ತೊಡಕಾಯಿತು.
ಹೊಳೆ ಕೆಳಗೇ ಹರಿಯುತ್ತದೆ.
ಇರುವುದು ಒಂದೇ ಕಾಲು, ಅದೂ ನಾಲಿಗೆಯಂಥದ್ದು.
ಮರಿಗಳನ್ನು ಸುಮ್ಮನೆ ನೀರಿಗೆ ಬಿಟ್ಟರೆ ಮತ್ತೆ ಕಡಲ ಪಾಲು.
ಅದಕ್ಕೇ ಮೀನಿನ ಈಜನ್ನು ಕಡ ತಂದವು.
ತಾಯಿ ಕಿವಿರಿನಲ್ಲೇ ಮರಿ ಹೊತ್ತು
ಹೊತ್ತು ನೋಡಿ ಉಗಿಯುತ್ತಾಳೆ:
ಸಾಸಿವೆಗಿಂತ ಸಣ್ಣ ಜೋಡಿ ಬಾಗಿಲು,
ಹಾಯುವ ಮೀನಿಗೆ ಟಪ್ಪನೆ ಕಚ್ಚಿ
ವಾರಗಟ್ಟಲೆ ಟಿಕೀಟಿಲ್ಲದ ಪ್ರಯಾಣ, ಮೇಲಕ್ಕೆ.

ಅಮೆರಿಕದ ಹೊಳೆಗಳಲ್ಲಿ ಕೆಲವು
ಮೀನನ್ನು ಕಾಣುವ ಕಣ್ಣೇ ಇಲ್ಲದವು,
ತಮ್ಮ ಮಾಂಸದಲ್ಲೇ ಒಂದು ಮೀನು ಮಾಡಿ ಆಡಿಸುತ್ತವಂತೆ,
ಬಾಲ, ರೆಕ್ಕೆ, ಕಣ್ಣಿನ ಕಪ್ಪು ಚುಕ್ಕಿ ಸಮೇತ.
ದೊಡ್ಡ ಮೀನು ನುಂಗಲು ಬಂದರೆ ಬಾಯಿ ತುಂಬ ಮರಿ.
ಎಂದೂ ನೋಡದ್ದನ್ನು ಇಷ್ಟು ಚೆಂದ ತಿದ್ದಿದವರು ಯಾರು?
"ಯಾರೂ ಅಲ್ಲ. ಚೆಂದ ಬಾರದವು ಉಳಿಯಲಿಲ್ಲ, ಅಷ್ಟೇ."
ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನೂ ಭೀಮೆಯ ಕೆಳಗಿನಿಂದ ಬಂದವನೇ,
ಸೊಲ್ಲಾಪುರದ ಪ್ಯಾಸೆಂಜರಿನ ಬಾಗಿಲ ಸರಳು ಕಚ್ಚಿ ಹಿಡಿದು.
ಆ ಮಾತು ಅಲ್ಲಿಗೇ ಇರಲಿ.

ಹೋದ ಮೇ ತಿಂಗಳು ಪೌಡದ ಹತ್ತಿರ
ಮುಳಾ ಮೊಣಕಾಲಿಗಿಳಿದಾಗ ಹೋದೆವು,
ಸಾಹೇಬರು, ನಾನು, ಭೋಯಿ ಕೇರಿಯ ಠಕೂಬಾಯಿ.
ಆಕೆ ಕಣ್ಣು ಮುಚ್ಚಿ ಪಾದದಲ್ಲಿ ಹುಡುಕುತ್ತಾಳೆ.
ನಾಲ್ಕು ತಾಸಿಗೆ ಒಂದು ಸಿಕ್ಕಿತು.
ಅಂಗೈ ತುಂಬುವಂಥದ್ದು, ಜೀವ ಇದ್ದದ್ದು.
ಸಾಹೇಬರು ಗೆರೆ ಎಣಿಸಿದರು, ಎರಡು ಸಲ. ಇಪ್ಪತ್ತಾರು.
ನನ್ನ ನೌಕರಿಯ ಐದನೇ ವರ್ಷ ಹುಟ್ಟಿದ್ದು.
"ಸಣ್ಣವು?"
"ಸಣ್ಣವನ್ನು ತರುವ ಮೀನೇ ಬರುತ್ತಿಲ್ಲ," ಅಂದಳು ಠಕೂಬಾಯಿ,
ಮರಾಠಿಯಲ್ಲಿ, ಯಾವ ಪುಸ್ತಕವನ್ನೂ ಓದದೆ.
ಮೇಲೆ ಆಣೆಕಟ್ಟು, ಕೆಳಗೆ ಬಾಂದಾರ.
ವರ್ಷ ವರ್ಷವೂ ಇದು ಮರಿ ಉಗಿದು
ಬರೀ ನೀರಿಗೆ ಒಪ್ಪಿಸುತ್ತಿತ್ತೇನೋ.

ಡಬ್ಬಿ ತೆರೆದಿಟ್ಟಿದ್ದೆ. ಚೀಟಿಯೂ ಬರೆದಾಗಿತ್ತು, ತಾರೀಖು ಹಾಕಿ.
ಸಾಹೇಬರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ,
"ಮಡಿವಾಳಪ್ಪ, ಇದನ್ನು ಇದ್ದಲ್ಲೇ ಇಟ್ಟು ಬಾ."

ನೀರಿಗಿಳಿದೆ, ಬಗ್ಗಿದೆ, ಹಾಗೇ ನಿಂತೆ.
ಸಾವಿರಗಟ್ಟಲೆ ಚೀಟಿ ಬರೆದವನು,
ಎಡದ ಚಿಪ್ಪು ಬಲದ ಚಿಪ್ಪು ಕತ್ತಲಲ್ಲೂ ಹೇಳುವವನು,
ನನಗೆ ಯಾವ ತುದಿ ಕೆಸರಿಗೆ ಅನ್ನುವುದು ಗೊತ್ತಿರಲಿಲ್ಲ.

ಠಕೂಬಾಯಿ ಕಸಿದುಕೊಂಡು
ಉಳ್ಳಾಗಡ್ಡಿ ಸಸಿ ಊರುವ ಹಾಗೆ ತುಸು ಓರೆ ಮಾಡಿ ಊರಿದಳು.
ಎಷ್ಟೋ ಹೊತ್ತು ಏನೂ ಇಲ್ಲ.
ಬೆನ್ನು ಸುಡುತ್ತಿತ್ತು.
ಆಮೇಲೆ ಅದು ಕೂದಲೆಳೆಯಷ್ಟು ಬಾಯಿ ಬಿಟ್ಟು
ಕದಡಿದ ಮುಳೆಯನ್ನೇ ಕುಡಿಯತೊಡಗಿತು.

ಚೀಟಿ ಜೇಬಿನಲ್ಲೇ ಉಳಿದು, ಒಗೆದಾಗ ಮುದ್ದೆಯಾಯಿತು.