ಖಾಲಿ ಫೈಲಿಗೂ ಬೀಗ

ಅವನನ್ನು ಗಿರಿಧರ ಎನ್ನೋಣ. ಹೆಸರು ಅದಲ್ಲ.
ಓಣಿಯೂ ಗುದೈಬಿಯಾ ಅಲ್ಲ; ಆದರೂ
ಅಲ್ಲೇ ಇರಲಿ, ಕೆಳಗೆ ಕರಕ್ ಚಹಾದ ಕಿಂಡಿ,
ಮೇಲೆ ಎಸಿಗಳು ತೊಟ್ಟಿಕ್ಕಿ
ಇಡೀ ಬೇಸಿಗೆ ಒಂದೇ ಕಡೆ ಒದ್ದೆಯಾದ ಫುಟ್‌ಪಾತು.

ಮನಾಮದ ಹನ್ನೊಂದನೆಯ ಮಹಡಿಯಲ್ಲಿ
ನಾನು ವಿಮೆಯ ಕ್ಲೇಮು ನೋಡುವವಳು.
ಬೆಳಗ್ಗೆ ಎಂಟಕ್ಕೆ ಪಾಸ್‌ವರ್ಡು ಒತ್ತಿದರೆ
ಪರಿಚಯದ ಅರ್ಧ ಜನ
ಅಂಗಿ ಕಳಚಿ ಸಾಲಾಗಿ ನಿಲ್ಲುತ್ತಾರೆ:
ಯಾರ ಸಕ್ಕರೆ ಎಷ್ಟು, ಯಾರ ಬಸಿರು ನಿಲ್ಲಲಿಲ್ಲ,
ಯಾರು ಮನಸ್ಸಿನ ಡಾಕ್ಟರ ಬಳಿ ಹೋಗಿ
ಬೆನ್ನುನೋವೆಂದು ರಜೆ ಬರೆಯುತ್ತಾರೆ.
ಸ್ಕ್ರೀನಿಗೆ ಕಪ್ಪು ಹಾಳೆ ಅಂಟಿಸಿದ್ದಾರೆ,
ಪಕ್ಕದಿಂದ ನೋಡಿದರೆ ಅಮಾವಾಸ್ಯೆ.
ನನ್ನ ಮುಖಕ್ಕೆ ಅಂಥ ಹಾಳೆ ಯಾರೂ ಕೊಡಲಿಲ್ಲ.

ಶುಕ್ರವಾರ, ಸಂಘದ ನಾಟಕದ ತಾಲೀಮು.
ಸುಗಂಧಿಯಕ್ಕ ಪಕ್ಕಕ್ಕೆ ಕರೆದಳು.
ತಂಗಿಯ ಮಗಳಿಗೆ ಗಿರಿಧರನ ಸಂಬಂಧ ಬಂದಿದೆಯಂತೆ.
ಕೈಯಲ್ಲಿ ಮುಹರ್ರಕ್‌ನ ಹಲ್ವದ ಡಬ್ಬಿ, ಇನ್ನೂ ಬೆಚ್ಚಗೆ.
"ನೀನು ಬಾಯಿ ಬಿಡುವುದು ಬೇಡ ಮಾರಾಯ್ತಿ.
ಏನಾದರೂ ಇದ್ದರೆ ಒಮ್ಮೆ ಕೆಮ್ಮು, ಸಾಕು.
ಹೆಣ್ಣುಮಗುವಿನ ಬಾಳು. ನಿನಗೂ ಒಬ್ಬಳಿದ್ದಾಳಲ್ಲ."

ಆ ಕೊನೆಯ ಮಾತು ಸುಳ್ಳಲ್ಲ. ನನಗೂ ಒಬ್ಬಳಿದ್ದಾಳೆ.

ಗಂಟಲು ಎಂಥ ದ್ರೋಹಿ!
ಆ ಗಳಿಗೆಯಲ್ಲೇ ಅದಕ್ಕೆ ಕೆರೆತ.
ಹೊರಗೆ ಮೂರು ದಿನದಿಂದ ಧೂಳಿನ ಗಾಳಿ ಬೇರೆ.
ನುಂಗಿದೆ. ಕಣ್ಣಲ್ಲಿ ನೀರು ಬಂತು,
ಅವಳು ಆ ನೀರನ್ನೂ ಓದಲು ನೋಡಿದಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ
ಏನೂ ಇಲ್ಲದವರ ಬಗ್ಗೆ ಯಾರಾದರೂ ಕೇಳಿದರೆ
"ಛೆ, ಗುಂಡುಕಲ್ಲಿನ ಹಾಗಿದ್ದಾರೆ" ಎಂದು ನಕ್ಕುಬಿಡುತ್ತಿದ್ದೆ.
ಇದ್ದವರ ಬಗ್ಗೆ ಕೇಳಿದರೆ, ಸುಮ್ಮನಿರುತ್ತಿದ್ದೆ.
ಒಂದು ದಿನ ಬುದೂರ್, ನನ್ನ ಮೇಲಿನವಳು,
ಸ್ಟೇಪ್ಲರಿಗೆ ಪಿನ್ನು ತುಂಬುತ್ತಾ ಅಂದಳು:
"ಹಾಗಾದರೆ ನಿನ್ನ ಮೌನವೇ ಹೇಳಿಬಿಟ್ಟಿತಲ್ಲ."
ಅಷ್ಟೇ. ಮತ್ತೆ ಪಿನ್ನು ತುಂಬಿದಳು.

ಅಂದಿನಿಂದ ಖಾಲಿ ಫೈಲಿಗೂ ಬೀಗ.
ಕಲ್ಲಿನಂಥವನಿಗೂ ಅದೇ ಮುಖ,
ಕರಗುತ್ತಿರುವವನಿಗೂ ಅದೇ.

"ಅಕ್ಕ, ಅವನನ್ನೇ ಕೇಳಿ," ಎಂದೆ.
"ಕೇಳುವ ಹಕ್ಕು ನಿಮ್ಮ ಹುಡುಗಿಗಿದೆ. ಹೇಳುವ ಬಾಯಿ ಅವನದು."
ಹಲ್ವದ ಡಬ್ಬಿ ಬಂದ ಹಾಗೇ ಎದ್ದುಹೋಯಿತು,
ಕೇಸರಿ ಏಲಕ್ಕಿಯ ಪರಿಮಳ ಮಾತ್ರ ಬಿಟ್ಟು.
ಆಮೇಲೆ ಮೂರು ತಿಂಗಳು ನಮ್ಮನ್ನು ಯಾರೂ ಊಟಕ್ಕೆ ಕರೆಯಲಿಲ್ಲ.
"ಅಂಥದ್ದೇನಿತ್ತು?" ಎಂದ ಗಂಡ.
ಅವನಿಗೂ ಅದೇ ಮುಖ.
ಒಂದೇ ಹೊದಿಕೆಯೊಳಗೆ ಬೀಗ ಹಾಕಿ ಮಲಗುವುದು ಸುಲಭವಲ್ಲ.

ಹೋದ ವರ್ಷ ನನ್ನದೇ ಒಂದು ರಿಪೋರ್ಟು ಬಂತು.
ನಮ್ಮದನ್ನು ನಾವೇ ನೋಡುವಂತಿಲ್ಲ, ಬುದೂರ್ ಮೇಜಿಗೆ ಹೋಯಿತು.
ಗಾಜಿನಾಚೆ ಅವಳು ಓದುವುದನ್ನೇ ನೋಡುತ್ತಾ ಕೂತೆ.
ಹುಬ್ಬು ಅಲ್ಲಾಡಲಿಲ್ಲ. ಸಹಿ ಹಾಕಿದಳು. ಎದ್ದು ಬಂದು
"ಆ ಬುದೈಯಾ ಕ್ಲಿನಿಕ್ಕಿನ ಬಿಲ್ಲು ಎಲ್ಲಿಟ್ಟೆ?" ಎಂದು ಗದರಿದಳು,
ದಿನಾ ಗದರುವ ಹಾಗೇ.
ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.
ಅಷ್ಟು ಹಿತವಾಗಿ ನನ್ನನ್ನು ಯಾರೂ ಗದರಿರಲಿಲ್ಲ.

ಗಿರಿಧರ ಆಗಾಗ ಲಿಫ್ಟಿನಲ್ಲಿ ಸಿಗುತ್ತಾನೆ.
"ಸೆಖೆ ಅಲ್ವಾ?" "ಹೌದು, ಸೆಖೆ."
ಮದುವೆ ಏನಾಯಿತು ಎನ್ನುತ್ತೀರಾ?
ಆಯಿತೆಂದರೂ ಮುರಿಯಿತೆಂದರೂ
ನೀವು ಕೂಡಿಸಿ ಕಳೆದು ನನ್ನ ಫೈಲಿಗೆ ಬಂದುಬಿಡುತ್ತೀರಿ.

ಈಗ ಕೆಮ್ಮಿದೆನಲ್ಲ,
ಅದು ಧೂಳಿಗೆ.