ಅನುಭವ ಎಂಬ ಕಾಲಂ

ಜ್ಞಾನಭಾರತಿಯ ಲ್ಯಾಬಿನಲ್ಲಿ ಸಂಜೆ ಐದೂವರೆ.
ತೊಳೆದ ಬ್ಯೂರೆಟ್ಟುಗಳು ತಲೆಕೆಳಗಾಗಿ ನಿಂತಿವೆ.
ಬಯೋಡೇಟಾದಲ್ಲಿ ‘ಅನುಭವ’ದ ಎದುರು
ಒಂದು ಅಡ್ಡಗೆರೆ ಎಳೆದು ಕೂತಿದ್ದೆ.

ಫಿಲೋಮಿನಾ ಮೇಡಂ ಇಣುಕಿದರು,
ಕನ್ನಡಕ ಒರೆಸಿ ಇನ್ನೊಮ್ಮೆ ಇಣುಕಿದರು.
‘ಮೂರು ವರ್ಷ ಇಲ್ಲಿ ಏನು ಮಾಡಿದೆ?’
ಪಾಠ, ಮೇಡಂ. ಅಂದರೆ, ಪಾಠಕ್ಕೆ ಸಹಾಯ.

‘ಮೊನ್ನೆ ಆ ಸಿಂದಗಿ ಹುಡುಗ
ಗುಲಾಬಿ ಬಣ್ಣ ದಾಟಿಸಿ ಅಳುಮೋರೆ ಹಾಕಿದಾಗ
ಏನಂದೆ?’
ಇನ್ನೊಂದ್ಸಲ ಮಾಡು, ಕೊನೆಗೆ ಹನಿ ಹನಿ ಬಿಡು, ಅಂದೆ.
‘ಬರಿ ಅದನ್ನ.
ನಲವತ್ತು ಜನಕ್ಕೆ ಹನ್ನೆರಡೇ ಪಿಪೆಟ್ಟು,
ಜಗಳವಿಲ್ಲದೆ ಹಂಚಿದೆಯಲ್ಲ, ಬರಿ.
ಇಂಗ್ಲಿಷಿಗೆ ಬೆಪ್ಪಾದವರಿಗೆ ಕನ್ನಡದಲ್ಲಿ, ತೆಲುಗಿನಲ್ಲಿ,
ಅದೂ ಆಗದಿದ್ದರೆ ಕೈಸನ್ನೆಯಲ್ಲಿ...’

ಇದಕ್ಕೆಲ್ಲ ಹೆಸರಿದೆಯಾ ಮೇಡಂ?
‘ಕಂಪನಿಯವರು ಇಟ್ಕೋತಾರೆ, ಉದ್ದುದ್ದ ಹೆಸರು.
ನೀನು ನಡೆದದ್ದು ಹೇಳು.’

ಗೆರೆ ಇಂಕಿನದು, ಅಳಿಸಲಾಗಲಿಲ್ಲ.
ಅದರ ಮೇಲೇ ಬರೆಯತೊಡಗಿದೆ,
ಅಕ್ಷರಕ್ಕೆ ಆಸರೆಯಾಯಿತು.

ಅಟೆಂಡರ್ ಬೋರಣ್ಣ ಬೀಗದ ಗೊಂಚಲು ಅಲ್ಲಾಡಿಸಿದಾಗ
ಹಾಳೆಯ ಹಿಂಬದಿಗೆ ಬಂದಿದ್ದೆ.
ಇನ್ನೂ ಮೊದಲ ವರ್ಷ
ಮುಗಿದಿರಲಿಲ್ಲ.