ಎದೆಯ ಬಾಡಿಗೆ

ಮತ್ತಿಕೆರೆಯಲ್ಲಿ ಅಯ್ಯಂಗಾರ್ ಬೇಕರಿಯ ಮೇಲಿನ ರೂಮು.
ಕೆಳಗೆ ದಿಲ್‌ಪಸಂದ್ ಬೇಯುವ ಹೊತ್ತಿಗೆ
ಇಲ್ಲಿ ನಾನು ಲಂಡನ್ನಿನ ಆಕಾಶಕ್ಕೆ
ಬೂದಿ ಬಳಿಯುತ್ತಿರುತ್ತೇನೆ.
ಕತೆ ಬರೆದವಳು ಕಾರ್ಡಿಫಿನವಳು, ಗೆರೆ ಎಳೆದವನು ಲೀಡ್ಸಿನವನು,
ಬಣ್ಣ ನನ್ನದು, ಪುಟಕ್ಕಿಷ್ಟು ಅಂತ.

ಹೊಸ ಕಾಮಿಕ್ಸು. ಐವರು ವೀರರು, ಐವರಿಗೂ ಸಂಬಳ.
ಗೋಡೆ ಒಡೆಯಲಿಕ್ಕೆ ಇಬ್ಬರು, ಹಾರಲಿಕ್ಕೆ ಮೂವರು.
ಹಾರುವವರಲ್ಲಿ ಮಿಸ್ ಫ್ಲಿಂಟ್
ಬೆಂಕಿಯನ್ನು ಮಜ್ಜಿಗೆಯಂತೆ ಕುಡಿಯಬಲ್ಲಳು.
ಒಬ್ಬೊಬ್ಬರ ಎದೆಗೂ ಒಂದೊಂದು ಮುದ್ರೆ:
ಬಿಸ್ಕತ್ತು, ಬ್ಯಾಂಕು, ಮೊಬೈಲು, ನಾಯಿಯ ಊಟ.
ಫ್ಲಿಂಟಳದು ವಿಮೆ. ದುಂಡನೆಯ ಕೆಂಪು.

ಸಿಡಿಲಿಗೆ ಯಾವ ಹಳದಿ ಹಾಕಿದರೂ ಯಾರೂ ಕೇಳುವುದಿಲ್ಲ.
ರಕ್ತಕ್ಕೂ ಅಷ್ಟೆ, ನಿನ್ನಿಷ್ಟ ಕೋಮಲಾ ಅನ್ನುತ್ತಾರೆ.
ವಿಮೆಯ ಕೆಂಪು ಮಾತ್ರ
ಕೂದಲೆಳೆಯಷ್ಟು ಕಿತ್ತಳೆಗೆ ವಾಲಿದರೆ
ರಾತ್ರಿ ಮೂರಕ್ಕೆ ಫೋನು.
ಅಂಥ ಕಂಪನಿಯೇ ಇಲ್ಲ, ಕತೆಗೆಂದು ಹುಟ್ಟಿಸಿದ್ದು.
ಇಲ್ಲದ ಕಂಪನಿಗೂ
ಇಂಥದೇ ಕೆಂಪು ಅಂತ ಇದೆ.

ಹದಿನೇಳನೆಯ ಪುಟ.
ಹತ್ತಂತಸ್ತಿನ ಕಟ್ಟಡಕ್ಕೆ ಬೆಂಕಿ.
ಒಂಬತ್ತನೆಯ ಕಿಟಕಿಯಲ್ಲಿ ಮುದುಕಿಯೊಬ್ಬಳು
ಬೆಕ್ಕನ್ನು ಬಟ್ಟೆಬುಟ್ಟಿಯಲ್ಲಿಟ್ಟು ಹೊರಗೆ ಚಾಚಿದ್ದಾಳೆ.
ಫ್ಲಿಂಟ್ ಬಂದಿದ್ದಾಳೆ. ಬಂದು ನಿಂತಿದ್ದಾಳೆ, ಗಾಳಿಯಲ್ಲೇ,
ಕಿವಿಗೆ ಎರಡು ಬೆರಳು ಒತ್ತಿ.
ಮುದುಕಿಯ ಕಂತು ಬಾಕಿಯಿದೆಯಂತೆ,
ಆಫೀಸಿನವರು ಪರಿಶೀಲಿಸುತ್ತಿದ್ದಾರಂತೆ.
ಮುಂದಿನ ಪುಟ ಇನ್ನೂ ನನಗೆ ಬಂದಿಲ್ಲ.

ಮಧ್ಯಾಹ್ನ ಅಪ್ಪ ಬುತ್ತಿ ತಂದ.
ಓಕಳಿಪುರದ ಸೇತುವೆಯಿಂದ ತುಮಕೂರು ರಸ್ತೆಯವರೆಗೆ
ಬೀಡಿ, ಬನಿಯನ್ನು, ಸಿಮೆಂಟು ಬರೆದ ಕೈ,
ಫ್ಲೆಕ್ಸು ಬಂದಮೇಲೆ ಸಾರಿನ ಡಬ್ಬಿ ಹಿಡಿದರೂ ನಡುಗುತ್ತದೆ.
ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ ಕೇಳಿದ:
'ಇದೂ ಗೋಡೆನೇ ಅಲ್ವೇನಮ್ಮ?
ವರ್ಷಕ್ಕೆಷ್ಟು ಕೊಡ್ತಾರೆ ಈ ಹುಡುಗಿಗೆ?'

ಆಮೇಲೆ, ಮುದ್ದೆ ಮುರಿಯುತ್ತ, ಶ್ರೀರಾಂಪುರದ ಪಾಪಮ್ಮನ ಗೋಡೆ.
ನಂದಿ ಸೋಪಿನವರು ವರ್ಷಕ್ಕೆ ಹನ್ನೆರಡು ಬಿಲ್ಲೆ ಸೋಪು,
ನೂರು ರೂಪಾಯಿ ಕೊಟ್ಟು ಹಿಡಿದಿದ್ದರು.
ನಡುವೆ ಒಂದೇ ಕಿಟಕಿ.
ಸಾಹೇಬರು ಅಂದರಂತೆ, ಅದರ ಮೇಲೇ ಬರಿ ದೊರೆಸ್ವಾಮಿ.
ಅಪ್ಪ ಅಳೆದೂ ಸುರಿದೂ
ನಂದಿಯ ಸೊನ್ನೆಯನ್ನು ಸರಿಯಾಗಿ
ಕಿಟಕಿಯ ಕದದ ಮೇಲೆ ಕೂರಿಸಿದ.

ಮುಚ್ಚಿದರೆ ನಂದಿ.
ಬೆಳಿಗ್ಗೆ ಪಾಪಮ್ಮ ಕದ ತೆಗೆದಳೋ
ನದಿ.
ಸೊನ್ನೆ ಇದ್ದಲ್ಲಿ ಅವಳ ಮುಖ, ಸೌದೆಯ ಹೊಗೆ,
ಒಣಗಲು ಇಟ್ಟ ಮಗುವಿನ ಚಡ್ಡಿ.
'ಸಾಹೇಬ್ರ ಜೀಪು ಕಂಡ್ರೆ ಓಡಿಹೋಗಿ
ಮುಚ್ಚಮ್ಮೋ ಅಂತಿದ್ದೆ.
ಜೀಪು ತಿರುವು ದಾಟೋದೇ ತಡ,
ದಡಾರ್ ಅಂತ ತೆಗೀತಿದ್ಲು.
ಸೆಖೆ ಅಲ್ವಾ.'

ಡಬ್ಬಿ ತೊಳೆದು ಅಪ್ಪ ಬಸ್ಸಿಗೆ ಹೋದ.
ನಾನು ಫ್ಲಿಂಟಳ ಎದೆಯನ್ನು ದೊಡ್ಡದು ಮಾಡಿದೆ,
ಇನ್ನೂ ದೊಡ್ಡದು, ಪರದೆಯ ತುಂಬ ಕೆಂಪೇ ಆಗುವಷ್ಟು.
ಅದರ ನಡುವೆ ಸಾಸಿವೆಯಷ್ಟು ಜಾಗ ಕೆರೆದು
ಒಂದು ಕಿಟಕಿ ತೆಗೆದೆ.
ಒಳಗಿನ ಬಣ್ಣಕ್ಕೆ ತುಂಬ ಹುಡುಕಬೇಕಾಯಿತು.
ಬೇಕರಿಯ ಒಲೆಯ ಬಾಯಿ ತೆರೆದಾಗ
ಹುಡುಗನ ಮುಖದ ಮೇಲೆ ಬೀಳುತ್ತದಲ್ಲ, ಅದು.

ನಿನ್ನೆಯೇ ಲೀಡ್ಸಿಗೆ ಕಳಿಸಿದೆ. ಫೋನಿನ್ನೂ ಬಂದಿಲ್ಲ.
ಬಂದರೆ ಮುಚ್ಚಲಿಕ್ಕೆ
ಒಂದು ಲೇಯರು, ಅದೇ ಕೆಂಪು,
ಬೇರೆ ಎತ್ತಿಟ್ಟುಕೊಂಡಿದ್ದೇನೆ.